ಬಿಲ್ ಕಂಪ್ನಿದು, ಪಾಯಿಂಟ್ ನಮ್ದು: ಟೂರ್ ಮಾಡೋ ಮಂದಿ ಹೋಟೆಲ್ ಪಾಯಿಂಟ್ ಗಳಸೋದು ಹೆಂಗ

ನಾ ಬೆಳಗಾವಿ ಉದ್ಯಮಬಾಗದಾಗ ಹೈಡ್ರಾಲಿಕ್ ಮಷೀನ್ ಮಾಡೋ ಒಂದು ಕಂಪ್ನಿಯೊಳಗ ಸರ್ವಿಸ್ ಇಂಜಿನಿಯರ್ ಅದೇನ್ರಿ. ತಿಂಗಳಿಗೆ ಐದಾರು ರಾತ್ರಿ ಮನಿ ಬಿಟ್ಟು ಹೊರಗ ಮಲಗೋದು ಗ್ಯಾರಂಟಿ, ಒಮ್ಮೆ ಪುಣೆ ಹತ್ರದ ಚಾಕಣ, ಒಮ್ಮೆ ಕೊಯಮತ್ತೂರು, ಒಮ್ಮೆ ಬೆಂಗಳೂರಿನ ಪೀಣ್ಯ. ಮೊದಲ ನಾಕು ವರ್ಷ ಈ ಪಾಯಿಂಟ್ ಗೀಯಿಂಟ್ (ಒಂದು ಹೋಟೆಲ್ ಚೈನ್‌ದಾಗ ಉಳದಂಗ ನಮ್ಮ ಖಾತೆಗೆ ಜಮಾ ಆಗೋ ಅಂಕ, ಮುಂದ ರೂಮಿಗೆ ರೊಕ್ಕದ ಬದಲಿ ಕೊಡಬೋದು) ತಲಿಗೆ ಹಚ್ಕೊಂಡಿರಲಿಲ್ಲ, ಚೆಕ್-ಇನ್ ಮಾಡೋಮುಂದ ರಿಸೆಪ್ಶನ್‌ದಾಗ ಮೆಂಬರ್ ಅದೀರೇನು ಅಂತ ಕೇಳಿದ್ರ ಏನೋ ಗಂಟು ಬೀಳಸಾಕತ್ತಾರ ಅಂತ ತಿಳ್ಕೊಂಡು ಬ್ಯಾಡ ಬ್ಯಾಡ ಅಂದು ಕೀಲಿ ಇಸ್ಕೊಂಡು ಹೋಗಿಬಿಡ್ತಿದ್ದೆ. ರೊಕ್ಕ ಕೊಡೋದು ಕಂಪ್ನಿ, ನಮಗೇನ್ ಸಂಬಂಧ ಅಂತ. ಆದ್ರ ಹೋಟೆಲಿನವರ ಲೆಕ್ಕ ಬ್ಯಾರೆ ಐತಿ. ರೂಮಿನ್ಯಾಗ ಯಾರು ಮಲಗಿದ್ರು, ಬುಕಿಂಗ್ ಯಾವ ದಾರಿಲೆ ಬಂತು, ಇವೆರಡನ್ನ ಅವ್ರು ಮೊದಲ ನೋಡ್ತಾರ. ಬಿಲ್ ಮ್ಯಾಲ ಯಾವ ಕಂಪ್ನಿ ಹೆಸರು ಐತಿ ಅನ್ನೋದಕ್ಕೂ ಪಾಯಿಂಟಿಗೂ ಸಂಬಂಧ ಇಲ್ಲ.

ಮೊದಲ ಮೆಂಬರ್ ಆಗ್ರಿ, ಪುಕ್ಕಟ ಐತಿ. ಮ್ಯಾರಿಯಟ್‌ನವರದು ಬಾನ್‌ವಾಯ್, ಹಿಲ್ಟನ್‌ದು ಆನರ್ಸ್, ಹಾಲಿಡೇ ಇನ್ ನಡಸೋ ಐಎಚ್‌ಜಿದು ಒನ್ ರಿವಾರ್ಡ್ಸ್, ಐಬಿಸ್ ನೋವೋಟೆಲ್ ಇರೋ ಅಕೋರ್‌ದು ಆಲ್, ತಾಜ್ ಜಿಂಜರ್ ಆದ್ರ ಟಾಟಾದವರ ನ್ಯೂಕಾಯಿನ್. ಆ್ಯಪ್ ಹಾಕ್ಕೊಂಡು ಐದು ನಿಮಿಷದಾಗ ಆಗ್ತೈತಿ, ಆದ್ರ ಎರಡು ಕಡೆ ಹುಷಾರ್ ಇರ್ರಿ. ಒಂದು, ಕಂಪ್ನಿ ಇಮೇಲ್ ಐಡಿ ಹಾಕಬ್ಯಾಡ್ರಿ, ನಿಮ್ಮ ಸ್ವಂತದ್ದು ಹಾಕ್ರಿ, ನಾಳೆ ನೌಕರಿ ಬಿಟ್ರ ಆ ಐಡಿ ಬಂದ್ ಆಗ್ತೈತಿ, ಓಟಿಪಿ ಎಲ್ಲಿಗೆ ಬರಬೇಕು? ಇನ್ನೊಂದು ಹೆಸರಿಂದು. ನಮ್ಮ ಕಡೆ ಹೆಸರು, ತಂದಿ ಹೆಸರು, ಅಡ್ಡಹೆಸರು ಮೂರೂ ಇರ್ತಾವ, ಆಧಾರ್‌ದಾಗ ಒಂದು ನಮೂನಿ, ಆಫೀಸ್ ರಿಕಾರ್ಡ್‌ದಾಗ ಒಂದು ನಮೂನಿ. ಬುಕಿಂಗ್ ಯಾವ ಹೆಸರಿಲೆ ಆಗ್ತೈತೋ ಮೆಂಬರ್‌ಶಿಪ್‌ನೂ ಅದ ಹೆಸರಿಲೆ ಇರಲಿ, ಇಲ್ಲಾಂದ್ರ ಪಾಯಿಂಟ್ ಹೊಂದಾಣಿಕಿ ಆಗ್ದ ಎಲ್ಲೋ ನಡುವ ಸಿಕ್ಕೊಂಡು ಕೂಡ್ತಾವ.

ಇನ್ನ ಬುಕಿಂಗ್ ದಾರಿ. ಭಾಳ ಮಂದಿ ಎಡವೋದು ಇಲ್ಲೇ. ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್, ಇಂಥ ಸೈಟಿನ ಮ್ಯಾಲ ಬುಕ್ ಮಾಡಿದ್ರ ದೊಡ್ಡ ಚೈನ್‌ಗಳು ಸಾಮಾನ್ಯವಾಗಿ ಪಾಯಿಂಟ್ ಕೊಡಂಗಿಲ್ಲ, ನೀವು ಕೌಂಟರ್‌ದಾಗ ಮೆಂಬರ್ ನಂಬರ್ ಕೊಟ್ರೂ ಇಲ್ಲ, ಯಾಕಂದ್ರ ಅಲ್ಲಿ ಸೈಟಿನವರು ಕಮಿಷನ್ ತಿಂದಿರ್ತಾರ. ಹೋಟೆಲಿನ ಸ್ವಂತ ಆ್ಯಪ್, ವೆಬ್‌ಸೈಟ್, ಇಲ್ಲಾ ಹೋಟೆಲಿಗೆ ಸೀದಾ ಫೋನ್ ಇಮೇಲ್ ಮಾಡಿದ್ರ ಬರ್ತಾವ. ಕಂಪ್ನಿಗೆ ಆ ಹೋಟೆಲ್ ಜೋಡಿ ಕಾರ್ಪೊರೇಟ್ ರೇಟ್ ಇದ್ರ ಅದಕ್ಕೂ ಬರ್ತಾವ, ಕಡಿಮಿ ರೇಟ್ ಅಂತ ಕಟ್ ಮಾಡಂಗಿಲ್ಲ. ಆ್ಯಪಿನ್ಯಾಗ ಸ್ಪೆಶಲ್ ರೇಟ್ ಅಂತ ಇರ್ತೈತಿ, ಅಲ್ಲೇ ಕಂಪ್ನಿ ಕೋಡ್ ಹಾಕಿ ನಿಮ್ಮ ಲಾಗಿನ್ನಿಂದಾನ ಬುಕ್ ಮಾಡಬೋದು.

ನನಗಾದ ಪೆಟ್ಟು ಹೇಳ್ತೇನಿ. ಚೆನ್ನೈ ಕಡೆ ಒಂದು ಮಷೀನ್ ಕೂಡಸಾಕ ಹೋಗಿದ್ದೆ, ಮೂರು ದಿನದ ಕೆಲಸ ಹದಿನಾಕು ರಾತ್ರಿ ಹಿಡೀತು, ಅಲ್ಲಿ ಫೌಂಡೇಶನ್ ಲೆವೆಲ್ಲೇ ಬಂದಿರಲಿಲ್ಲ ಬಿಡ್ರಿ ಅದು ಬ್ಯಾರೆ ಕತಿ. ಹದಿನಾಕೂ ರಾತ್ರಿ ಒಂದ ಹೋಟೆಲ್, ಮೆಂಬರ್ ನಂಬರ್ ಕೊಟ್ಟಿದ್ದೆ, ಖುಷಿಲೆ ಇದ್ದೆ. ಊರಿಗೆ ಬಂದು ಎರಡು ವಾರ ಆ್ಯಪ್ ತಗದು ತಗದು ನೋಡಿದೆ, ಸೊನ್ನೆ. ಕೇಳಿದ್ರ ಗೊತ್ತಾತು, ನಮ್ಮ ಕಂಪ್ನಿ ಟ್ರಾವೆಲ್ ಏಜೆಂಟ್ ಯಾವುದೋ ಆನ್‌ಲೈನ್ ಸೈಟಿಂದ ಮೊದಲ ರೊಕ್ಕ ಕಟ್ಟಿ ಬುಕ್ ಮಾಡಿದ್ದ, ಹೋಟೆಲಿನ ಲೆಕ್ಕದಾಗ ಅದು ಮೂರನೇಯವರ ಬುಕಿಂಗ್. ಎಲ್ಲಾ ಏಜೆಂಟ್ ಹಿಂಗ ಮಾಡ್ತಾರ ಅಂತಲ್ಲ, ದೊಡ್ಡ ಏಜೆನ್ಸಿಯವರು ಹೋಟೆಲಿನ ಸಿಸ್ಟಮ್‌ದಾಗ ಕಾರ್ಪೊರೇಟ್ ರೇಟಿಗೇ ಬುಕ್ ಮಾಡಿ ರೊಕ್ಕ ಹೋಟೆಲಿನ್ಯಾಗ ಕಟ್ಟೋ ಹಂಗ ಇಟ್ಟಿದ್ರ ಪಾಯಿಂಟ್ ಬರ್ತಾವ. ಹಂಗಾಗಿ ಬುಕಿಂಗ್ ಕನ್ಫರ್ಮ್ ಆದಮ್ಯಾಲ ಹೋಟೆಲಿನ ಕನ್ಫರ್ಮೇಶನ್ ನಂಬರ್ ಇಸ್ಕೊಂಡು ಆ್ಯಪಿನ್ಯಾಗ ಹಾಕಿ ನೋಡ್ರಿ, ಕಾಣಿಸ್ತು ಅಂದ್ರ ಅರ್ಧ ಚಿಂತಿ ಹೋತು. ಏಜೆಂಟನ ಹತ್ರ ಬರೇ ಅವನ ಸ್ವಂತ ವೌಚರ್ ನಂಬರ್ ಅಷ್ಟ ಇದ್ರ ಅನುಮಾನ ಪಡ್ರಿ.

ನಮ್ಮಲ್ಲಿ ಟ್ರಾವೆಲ್ ನೋಡ್ಕೊಳ್ಳೋ ಅಕ್ಕಾರ ಮುಂದ ಕೂತು ಒಂದು ಪಾವ್ ಕಿಲೋ ಕುಂದಾ ಇಟ್ಟು ವಿಷಯ ಹೇಳಿದೆ, ಅಕ್ಕಾರ ಕಂಪ್ನಿಗೇನೂ ಹೆಚ್ಚಿಗೆ ಬೀಳಂಗಿಲ್ಲ, ಅದ ಹೋಟೆಲ್ ಅದ ರೇಟು, ಸೀದಾ ಹೋಟೆಲಿಗೆ ಮೇಲ್ ಹಾಕ್ರಿ, ನನ್ನ ನಂಬರ್ ಅದ ಮೇಲ್‌ದಾಗ ಬರೀರಿ ಅಂತ. ಅವ್ರೇನೋ ಒಪ್ಪಿದ್ರು, ಅಕೌಂಟ್ಸ್ ಕಾಕಾ ಏಜೆಂಟ್ ಬಿಟ್ರ ಜಿಎಸ್‌ಟಿ ಕ್ರೆಡಿಟ್ ಹೋಗ್ತೈತಿ ಅಂತ ತಕರಾರು ತಗದ್ರು. ಅದಕ್ಕೂ ಉತ್ತರ ಐತಿ. 2025 ಸೆಪ್ಟೆಂಬರ್ 22ರಿಂದ ದಿನಕ್ಕ 7,500 ರೂಪಾಯಿ ತನಕಾ ಇರೋ ರೂಮಿಗೆ 5 ಪರ್ಸೆಂಟ್ ಜಿಎಸ್‌ಟಿ, ಅದಕ್ಕ ಇನ್‌ಪುಟ್ ಕ್ರೆಡಿಟ್ (ಬಿಲ್‌ದಾಗ ಕೊಟ್ಟ ಜಿಎಸ್‌ಟಿನ ಕಂಪ್ನಿ ತಾ ಕಟ್ಟೋ ಜಿಎಸ್‌ಟಿಯೊಳಗ ಕಳಿಯೋದು) ಇಲ್ಲ, ಅದರ ಮ್ಯಾಲಿಂದಕ್ಕ 18. ನಮ್ಮಂಥವರು ಉಳಿಯೋದು 7,500ರ ಒಳಗಿನ ರೂಮಿನ್ಯಾಗ, ಏಜೆಂಟ್ ಬಿಟ್ರ ಕ್ರೆಡಿಟ್ ಹೋಗ್ತೈತಿ ಅನ್ನಾಕ ಅಲ್ಲಿ ಕ್ರೆಡಿಟ್ಟ ಇಲ್ಲ. ಮತ್ತ ಚಾಕಣದ ಹೋಟೆಲ್ ಹಾಕೋದು ಮಹಾರಾಷ್ಟ್ರದ ಜಿಎಸ್‌ಟಿ, ಕರ್ನಾಟಕದಾಗ ಅಷ್ಟ ರಿಜಿಸ್ಟರ್ ಆದ ಕಂಪ್ನಿಗೆ ರೂಮ್ ಎಷ್ಟರದಿದ್ರೂ ಅದು ಉಪಯೋಗ ಇಲ್ಲ. ಕಾಕಾ ಸ್ವಲ್ಪ ಹೊತ್ತು ಟ್ಯಾಲಿ ನೋಡಿ ಆತು ತಗೋ ಅಂದ್ರು. ಏನ ಆದ್ರೂ ಬಿಲ್ ಮ್ಯಾಲ ಕಂಪ್ನಿ ಹೆಸರು, ಜಿಎಸ್‌ಟಿ ನಂಬರ್ ಹಾಕಸೋದು ಮರೀಬ್ಯಾಡ್ರಿ, ಗೆಸ್ಟ್ ಹೆಸರು ನಿಮ್ಮದ ಇದ್ರ ಸಾಕು.

ಚೆಕ್-ಇನ್ ಹೊತ್ತಿನ್ಯಾಗ ಬಾಯಿಬಿಟ್ಟು ಕೇಳ್ರಿ, ನನ್ನ ನಂಬರ್ ಬುಕಿಂಗಿಗೆ ಹತ್ತೈತೇನು, ಈ ರೇಟಿಗೆ ಪಾಯಿಂಟ್ ಬರ್ತಾವೇನು ಅಂತ. ಬಿಲ್ ಸೀದಾ ಕಂಪ್ನಿಗೆ ಕಳಸೋ ಪದ್ಧತಿ ಇದ್ರ ಹೋಟೆಲಿಂದ ಹೋಟೆಲಿಗೆ ಫರಕ್ ಇರ್ತೈತಿ, ಅದನ್ನ ಹೋಗೋಕಿಂತ ಮೊದಲ ಮೇಲ್ ಮಾಡಿ ಕೇಳಿ ಉತ್ತರ ಇಟ್ಕೊಳ್ರಿ. ಡೀಲರ್ ಮೀಟ್, ಟ್ರೇನಿಂಗ್ ಅಂತ ಇಪ್ಪತ್ತು ರೂಮು ಒಂದ ಮಾಸ್ಟರ್ ಬಿಲ್ ಮ್ಯಾಲ ಇದ್ರ ಆಸೆ ಬಿಡ್ರಿ, ಅಲ್ಲಿ ಕಾರ್ಯಕ್ರಮ ಬುಕ್ ಮಾಡಿದವರ ಅಕೌಂಟಿಗೆ ಪಾಯಿಂಟ್ ಹೋಗೋ ಸ್ಕೀಮ್ ಬ್ಯಾರೆ ಇರ್ತೈತಿ (ನಮ್ಮ ಸಾಹೇಬ್ರು ಪ್ರತಿ ವರ್ಷ ಮೀಟಿಂಗ್ ಒಂದ ಚೈನ್‌ದಾಗ ಯಾಕ ಇಡ್ತಾರ ಅಂತ ಆಮ್ಯಾಲ ಹೊಳೀತು). ಒಂದ ರೂಮಿನ್ಯಾಗ ಇಬ್ಬರು ಮಲಗಿದ್ರ ಪಾಯಿಂಟ್ ಒಬ್ಬರಿಗಷ್ಟ, ಅದಕ್ಕ ಜಗಳ ಬ್ಯಾಡ, ಒಂದು ಟೂರ್ ನೀವು ಒಂದು ಟೂರ್ ಅವ್ರು ಅಂತ ಪಾಳಿ ಹಚ್ಚಿರಿ.

ಎಷ್ಟ ಬರ್ತಾವ ಅಂದ್ರ, ಮ್ಯಾರಿಯಟ್‌ದ ಹೆಚ್ಚಿನ ಬ್ರ್ಯಾಂಡಿನ್ಯಾಗ ಒಂದು ಡಾಲರಿಗೆ 10 ಪಾಯಿಂಟ್. ರೂಮ್ 6,000 ರೂಪಾಯಿ, ಡಾಲರ್ 85 ಅಂತ ಹಿಡೀರಿ, ಹತ್ರ ಹತ್ರ 70 ಡಾಲರ್, ಅಂದ್ರ 700 ಪಾಯಿಂಟ್. ಜಿಎಸ್‌ಟಿ ಟ್ಯಾಕ್ಸ್ ಮ್ಯಾಲ ಬರಂಗಿಲ್ಲ. ರಾತ್ರಿ ಊಟ ಹೋಟೆಲಿನ್ಯಾಗ ಮಾಡಿ ರೂಮಿಗೆ ಬಿಲ್ ಹಾಕಿಸಿದ್ರ ಅದಕ್ಕೂ ಬರ್ತಾವ, ಆದ್ರ ಪಾಯಿಂಟ್ ಆಸೆಗೆ 600 ರೂಪಾಯಿ ಪನ್ನೀರ್ ತಿನ್ನಬ್ಯಾಡ್ರಿ, ಹೊರಗ ಎಲ್ಲ್ಯಾರ ಖಾನಾವಳಿ ಸಿಕ್ರ ಅಲ್ಲೇ ಉಣ್ರಿ.

ಪಾಯಿಂಟ್‌ಗಿಂತ ನನಗ ರಾತ್ರಿ ಲೆಕ್ಕ ದೊಡ್ಡದು ಅನಸ್ತೈತಿ. ಬಾನ್‌ವಾಯ್‌ದಾಗ ವರ್ಷಕ್ಕ 10 ರಾತ್ರಿಗೆ ಸಿಲ್ವರ್, 25ಕ್ಕ ಗೋಲ್ಡ್, 50ಕ್ಕ ಪ್ಲ್ಯಾಟಿನಮ್ ಅಂತ ಮೆಂಬರ್ ದರ್ಜೆ ಏರತೈತಿ. ಗೋಲ್ಡ್ ಆದ್ರ ಪಾಯಿಂಟ್ 25 ಪರ್ಸೆಂಟ್ ಹೆಚ್ಚಿಗೆ, ರೂಮ್ ಖಾಲಿ ಇದ್ರ ಮಧ್ಯಾಹ್ನ 2ರ ತನಕಾ ಚೆಕ್-ಔಟ್. ಮುಂಜಾನೆ ಸೈಟ್ ಮುಗಿಸಿ ಗ್ರೀಸ್ ಮೈಕೈಯಿಂದ ಬಂದು ಸ್ನಾನಾ ಮಾಡಿ ಗಾಡಿ ಹತ್ತೋದು ಎಷ್ಟ್ ಸುಖ ಅಂತ ನಮ್ಮಂಥವರಿಗೇ ಗೊತ್ತು. ಹಂಗಾಗಿ ನಾಕು ಚೈನ್‌ದಾಗ ಹತ್ತತ್ತು ರಾತ್ರಿ ಹರವಬ್ಯಾಡ್ರಿ, ನೀವು ಹೋಗೋ ಊರಾಗ ಯಾವುದು ಐತಿ ಅಂತ ಮೊದಲ ನೋಡ್ರಿ. ಚಾಕಣದಾಗ ಕೋರ್ಟ್‌ಯಾರ್ಡ್ ಐತಿ, ನಮ್ಮ ಬೆಳಗಾವಿಯೊಳಗನೂ ಫೇರ್‌ಫೀಲ್ಡ್ ಐತಿ, ಎರಡೂ ಮ್ಯಾರಿಯಟ್ ಮನಿತನದ್ದ, ಅದಕ್ಕ ನಾ ಅದನ್ನ ಹಿಡದೆ. ನಿಮ್ಮ ರೂಟ್ ಬ್ಯಾರೆ ಇದ್ರ ಬ್ಯಾರೆ ಹಿಡೀರಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ವರ್ಷಕ್ಕ ಒಮ್ಮೆ ಎರಡು ಸಲ ಹೋಗೋರು ವಾಯಿದೆ ನೋಡ್ಕೊಳ್ರಿ. ಮ್ಯಾರಿಯಟ್, ಹಿಲ್ಟನ್‌ದಾಗ 24 ತಿಂಗಳು ಏನೂ ಚಟುವಟಿಕಿ ಇಲ್ಲಾಂದ್ರ ಪಾಯಿಂಟ್ ಸಾಯ್ತಾವ, ಐಎಚ್‌ಜಿಯೊಳಗ ಸಾದಾ ಮೆಂಬರಿಗೆ 12 ತಿಂಗಳಷ್ಟ.

ಕಂಪ್ನಿ ನಿಯಮ ಕೇಳ್ಕೊಂಡ ಮಾಡ್ರಿ. ಹೆಚ್ಚಿನ ಖಾಸಗಿ ಕಂಪ್ನಿ ಪಾಯಿಂಟ್ ನೌಕರನಿಗೇ ಬಿಡ್ತಾವ, ಆದ್ರ ಪಾಯಿಂಟ್ ಸಲುವಾಗಿ ತುಟ್ಟಿ ಹೋಟೆಲ್ ಹಿಡಿದ್ರ ಯಾರ್ ಸುಮ್ನಿರ್ತಾರ, ಅದು ಕಳ್ಳತನದ ಲೆಕ್ಕ. ಕೇಂದ್ರ ಸರ್ಕಾರಿ ನೌಕರಿಯವರು ಇನ್ನೂ ಹುಷಾರ್ ಇರ್ರಿ, ಆಫೀಸ್ ಕೆಲಸದ ವಿಮಾನ ಟಿಕೆಟ್ಟಿನ ಮೈಲೇಜ್ ಪಾಯಿಂಟ್ ಇಲಾಖೆ ಕೆಲಸಕ್ಕ ವಾಪಸ್ ಬಳಸಬೇಕು, ಸ್ವಂತಕ್ಕ ಬಳಸಿದ್ರ ಇಲಾಖಾ ಕ್ರಮ ಅಂತ ಪ್ರಯಾಣ ಭತ್ಯೆ ನಿಯಮದಾಗ ಸ್ಪಷ್ಟ ಬರದಾರ. ಹೋಟೆಲ್ ಪಾಯಿಂಟ್ ವಿಷಯ ಆಫೀಸಿನ್ಯಾಗ ಬರವಣಿಗಿಲೆ ಕೇಳ್ಕೊಂಡ ಮುಟ್ರಿ. ಸ್ವಂತ ಕ್ರೆಡಿಟ್ ಕಾರ್ಡಿಲೆ ಕಟ್ಟಿ ಆಮ್ಯಾಲ ಆಫೀಸಿಂದ ವಸೂಲ್ ಮಾಡಿದ್ರ ಕಾರ್ಡ್ ಪಾಯಿಂಟೂ ಸಿಗ್ತಾವ, ಖರೇ, ಆದ್ರ ನಿಮ್ಮ ಅಕೌಂಟ್ಸ್‌ನವರು ವೌಚರ್ ಎರಡು ತಿಂಗಳು ಕೂಡಸೋರಿದ್ರ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಆಸುಪಾಸು ನಿಮ್ಮ ತಲಿ ಮ್ಯಾಲ. ನಾ ಆ ಗೋಜಿಗೆ ಹೋಗಂಗಿಲ್ಲ.

ಚೆಕ್-ಔಟ್ ಆದ ಹತ್ತು ದಿನದಾಗ ಪಾಯಿಂಟ್ ಬರಲಿಲ್ಲಾಂದ್ರ ಆ್ಯಪಿನ್ಯಾಗ ಮಿಸ್ಸಿಂಗ್ ಸ್ಟೇ ಅಂತ ಅರ್ಜಿ ಹಾಕೋ ಜಾಗಾ ಇರ್ತೈತಿ. ಬಿಲ್ ಆಫೀಸಿಗೆ ಕೊಡೋಮುಂದ ಫೋನಿನ್ಯಾಗ ಫೋಟೋ ಹೊಡ್ಕೊಂಡಿರ್ರಿ, ಅರ್ಜಿಗೆ ಅದು ಬೇಕ ಬೇಕು, ಒರಿಜಿನಲ್ ಹೋದಮ್ಯಾಲ ಕಾಕಾನ ಫೈಲಿಂದ ಹೊರಗ ತಗಸೋದು ನಡಿಯೋ ಮಾತಲ್ಲ. ಮ್ಯಾರಿಯಟ್‌ದಾಗ ಒಂದು ವರ್ಷದೊಳಗ ಕೇಳಬೋದು.

ಖರ್ಚು ಮಾಡೋಮುಂದ ಒಂದು ಸಣ್ಣ ಭಾಗಾಕಾರ. ರೂಮ್ ರೊಕ್ಕಾ ಕೊಟ್ರ ಟ್ಯಾಕ್ಸ್ ಸೇರಿ 7,350, ಪಾಯಿಂಟಿನ್ಯಾಗ 12,000 ಕೇಳ್ತಾರ ಅಂದ್ರ ಒಂದು ಪಾಯಿಂಟಿಗೆ 61 ಪೈಸಾ ಬಿತ್ತು, ತಗೋಬೋದು. 50 ಪೈಸಾಕ್ಕಿಂತ ಕಡಿಮಿ ಬಿದ್ರ ನಾ ಮುಟ್ಟಂಗಿಲ್ಲ, ಇನ್ನೊಂದು ತಾರೀಖು ನೋಡ್ತೇನಿ, ಯಾಕಂದ್ರ ಅಲ್ಲಿ ರೇಟು ದಿನಾ ಬದಲಾಗ್ತೈತಿ. ಬಾನ್‌ವಾಯ್‌ದಾಗ ಐದು ರಾತ್ರಿ ಸತತ ಪಾಯಿಂಟಿಲೆ ಬುಕ್ ಮಾಡಿದ್ರ ನಾಕರದ್ದ ಕಡ್ಕೊಳ್ತಾರ, ಆದ್ರ ಐದು ದಿನ ರಜಾ ನಮಗ ಯಾರ್ ಕೊಡ್ತಾರ್ರಿ. ಹೋದ ಸಲ ಎರಡ ರಾತ್ರಿಗೆ ಚೋರ್ಲಾ ಘಾಟ್ ಇಳಿದು ಗೋವಾಕ್ಕ ಹೋಗಿ ಬಂದ್ವಿ, ರೂಮಿನ ಬಿಲ್ ಸೊನ್ನೆ, ಹುಡುಗ್ರು ತಿಂದ ಐಸ್‌ಕ್ರೀಮ್ ಬಿಲ್ ಮಾತ್ರ ನನ್ನ ಕಿಸೆದಿಂದ, ಅದರ ಮ್ಯಾಲೂ ಪಾಯಿಂಟ್ ಬಂದುವು.