ಬೀರು ಹೊಸದಾಯಿತು, ಬಟ್ಟೆ ಹಳೆಯವೇ: ನನ್ನ ಅನುಭವ

ಬಟ್ಟೆ ಕೊಳ್ಳುವುದು ಕಡಿಮೆ ಮಾಡಬೇಕು ಅಂತ ತೀರ್ಮಾನಿಸಿದ ದಿನ ನಾನು ಬೀರುವಿನಿಂದ ಏನನ್ನೂ ತೆಗೆದುಹಾಕಲಿಲ್ಲ. ಒಂದು ಕೆಂಪು ದಾರದ ಉಂಡೆ ತಂದಿಟ್ಟುಕೊಂಡೆ. ಯಾವ ಬಟ್ಟೆ ಹಾಕಿಕೊಂಡರೂ ಅವತ್ತು ಸಂಜೆ ಅದರ ಹ್ಯಾಂಗರಿಗೆ ಒಂದು ತುಂಡು ದಾರ ಕಟ್ಟಿದೆ. ಆರು ತಿಂಗಳಾದ ಮೇಲೆ ನೋಡಿದರೆ 52 ಬಟ್ಟೆಗಳಲ್ಲಿ 19ಕ್ಕೆ ಒಂದು ದಾರವೂ ಇಲ್ಲ. ನಾಲ್ಕು ಶರ್ಟುಗಳ ಹ್ಯಾಂಗರಿನಲ್ಲಿ ಮಾತ್ರ ದಾರ ಗೊಂಚಲು ಗೊಂಚಲಾಗಿ ಜೋತಾಡುತ್ತಿತ್ತು.

ದಾರ ಇಲ್ಲದ ಆ 19ರಲ್ಲಿ ಹೆಚ್ಚಿನವು ಯಾವುದೋ ಒಂದು ಸಮಾರಂಭಕ್ಕೆ ಅಂತ ತಂದವು. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಒಂದೇ ಸಂಜೆಗೆ ಅಷ್ಟೆಲ್ಲ ಯಾಕೆ ಅಲ್ವಾ? ಅಲ್ಲಿಂದ ನನ್ನ ನಿಯಮ ಗಟ್ಟಿಯಾಯಿತು. ಒಂದು ಸಲ ಹಾಕುವುದನ್ನು ಬಾಡಿಗೆಗೆ ತರಬೇಕು. ನೂರು ಸಲ ಹಾಕುವುದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕು.

ಮೊದಲ ಸಲ ಬಾಡಿಗೆಗೆ ತರಿಸಿದ ಕೋಟು ಸಮಾರಂಭದ ಹಿಂದಿನ ಸಂಜೆ ಬಂತು. ತೋಳು ಸರಿಯಿತ್ತು, ಭುಜ ಬಿಗಿ. ಕೈ ಮುಂದೆ ಚಾಚಿದರೆ ಬೆನ್ನಿನ ಹೊಲಿಗೆ ಎಳೆಯುತ್ತಿತ್ತು. ಬದಲಾಯಿಸಲು ಹೊತ್ತೇ ಇರಲಿಲ್ಲ. ಈಗ ಮೂರು ದಿನ ಮೊದಲೇ ಬರುವ ಹಾಗೆ ಬುಕ್ ಮಾಡುತ್ತೇನೆ. ಇನ್ನೊಂದು ಸೈಜನ್ನೂ ಕಳಿಸುವವರಿದ್ದರೆ ಎರಡನ್ನೂ ತರಿಸುತ್ತೇನೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಕಲೆ, ಸಡಿಲ ಗುಂಡಿ, ಜಿಪ್ಪು ಎಲ್ಲದರ ಫೋಟೋ ತೆಗೆದಿಡುತ್ತೇನೆ. ವಾಪಸ್ ಕೊಡುವಾಗ ಜಗಳ ಬೇಡ ನೋಡಿ.

ತಿಂಗಳಿಗೆ ನಾಲ್ಕು ಬಟ್ಟೆ ಕಳಿಸುವ ಚಂದಾವನ್ನೂ ಮಾಡಿಸಿದ್ದೆ. ಮೂರೇ ತಿಂಗಳಿಗೆ ಬಿಟ್ಟೆ. ಖುಷಿಯೇನೋ ಇತ್ತು. ಆದರೆ ಪ್ರತಿ ಪೆಟ್ಟಿಗೆಯೂ ಬರಬೇಕು, ಹೋಗಬೇಕು, ನಡುವೆ ಡ್ರೈಕ್ಲೀನಿಂಗ್ ಬೇರೆ. ಫಿನ್‌ಲೆಂಡಿನ ಸಂಶೋಧಕರು 2021ರಲ್ಲಿ ಒಂದು ಜೀನ್ಸ್ ಪ್ಯಾಂಟನ್ನು ಬಳಸುವ ಬೇರೆ ಬೇರೆ ದಾರಿಗಳನ್ನು ಹೋಲಿಸಿ ನೋಡಿದರು. ಇದ್ದದ್ದನ್ನೇ ಜಾಸ್ತಿ ದಿನ ಹಾಕಿಕೊಳ್ಳುವುದರಿಂದ ವಾತಾವರಣಕ್ಕೆ ಹೊರೆ ಎಲ್ಲಕ್ಕಿಂತ ಕಡಿಮೆ. ಬಾಡಿಗೆಯದೇ ಎಲ್ಲಕ್ಕಿಂತ ಹೆಚ್ಚು, ಕಾರಣ ಓಡಾಟ. ಬಾಡಿಗೆ ಅಂದರೆ ಪರಿಸರಕ್ಕೆ ಒಳ್ಳೆಯದೇ ಅಂದುಕೊಂಡಿದ್ದೆ. ಈಗ ನಿಜವಾಗಿ ಬೇಕಾದಾಗ ಮಾತ್ರ, ವರ್ಷಕ್ಕೆ ಎರಡೋ ಮೂರೋ ಸಲ.

ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ನನ್ನ ಕೈ ಹಿಡಿದದ್ದು ಅಳತೆ ಟೇಪು. ಗೊಂಚಲು ದಾರದ ಶರ್ಟೊಂದನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿದೆ. ಕಂಕುಳಿಂದ ಕಂಕುಳಿಗೆ, ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳು, ಉದ್ದ ಎಲ್ಲ ಅಳೆದೆ. ಪ್ಯಾಂಟಿಗೆ ಸೊಂಟ, ತೊಡೆಸಂದಿಯಿಂದ ಸೊಂಟಪಟ್ಟಿಗೆ ಎಷ್ಟು, ಒಳಗಾಲು ಎಷ್ಟು ಅಂತ ಬರೆದುಕೊಂಡೆ. ಆ ಚೀಟಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಲೇಬಲ್ಲಿನ ಸೈಜನ್ನು ಈಗ ನಾನು ನೋಡುವುದೇ ಇಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್. ಸಾಲದ್ದಕ್ಕೆ ಹಳೇ ಹತ್ತಿ ಬಟ್ಟೆ ಒಗೆದು ಒಗೆದು ಕುಗ್ಗಿರುತ್ತದೆ.

ಆ್ಯಪಿನಲ್ಲಿ ಕೊಳ್ಳುವಾಗ ಮಾರುವವರ ಹತ್ತಿರ ಮೂರು ಫೋಟೋ ಕೇಳುತ್ತೇನೆ: ಕಾಲರಿನ ಒಳಮಡಿಕೆ, ಕಂಕುಳು, ಪ್ಯಾಂಟಾದರೆ ತೊಡೆಸಂದಿ. ಬಟ್ಟೆ ಮೊದಲು ಸವೆಯುವುದೇ ಅಲ್ಲಿ. ಎದುರಿಗೇ ಸಿಕ್ಕರೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಸವೆದ ಜಾಗ ಜಾಲರಿಯಂತೆ ಬೆಳಕು ಬಿಡುತ್ತದೆ. ಎಳೆದರೆ ಹಿಗ್ಗುವ ಬಟ್ಟೆಯಾದರೆ ಎಳೆದು ಬಿಡಿ. ಅಲೆ ಅಲೆಯಾಗಿ ಹಾಗೇ ನಿಂತರೆ ಅದರ ಎಲಾಸ್ಟಿಕ್ ನೂಲು ಸತ್ತಿದೆ. ಯಾವ ಟೈಲರಿಗೂ ಅದನ್ನು ಉಳಿಸಲು ಆಗುವುದಿಲ್ಲ. ಸೊಂಟ ಹಿಡಿಸಬಹುದು, ಉದ್ದ ಮಡಿಸಬಹುದು. ಭುಜ ದೊಡ್ಡದಿದ್ದರೆ ಮಾತ್ರ ಬಿಟ್ಟುಬಿಡುತ್ತೇನೆ. ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ.

ಹೀಗೆ ಹುಡುಕುತ್ತಿದ್ದಾಗ ಒಂದು ಬೂದು ಬಣ್ಣದ ಉಣ್ಣೆ ಕೋಟು ಸಿಕ್ಕಿತು. ಭುಜ ಅಳತೆಗೆ ಸರಿಯಾಗಿ ಕೂತಿತು. ಆದರೆ ಕಂಕುಳ ಹತ್ತಿರ ಲೈನಿಂಗ್ ಹರಿದಿತ್ತು, ಮುಂದಿನ ಒಂದು ಗುಂಡಿ ಇರಲಿಲ್ಲ. ಉಣ್ಣೆ ಮಾತ್ರ ಎಲ್ಲೂ ತೆಳುವಾಗಿರಲಿಲ್ಲ, ಹಾಗಾಗಿ ತಂದೆ. ಹುಳದ ಮೊಟ್ಟೆ ಇದ್ದರೂ ಸಾಯಲಿ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟೆ. ಆಮೇಲೆ ಎರಡು ದಿನ ನೆರಳಿನಲ್ಲಿ ಗಾಳಿಗೆ ತೂಗುಹಾಕಿದೆ. ಮುಗ್ಗಲು ವಾಸನೆ ಹೋಯಿತು. ಲೈನಿಂಗ್ ಬದಲಿಸಲು ಟೈಲರಿಗೆ ಕೊಟ್ಟಾಗ ಅವರು ಒಳಗಡೆ ಪಕ್ಕದ ಹೊಲಿಗೆ ತೋರಿಸಿದರು. ಲೇಬಲ್ಲಿನ ಹಿಂದೆ ಅದೇ ಗುಂಡಿ! ಕೋಟು ತಯಾರಿಸಿದವರೇ ಹೆಚ್ಚುವರಿಯಾಗಿ ಹೊಲಿದಿಟ್ಟದ್ದು. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಚಳಿಗಾಲದಲ್ಲಿ ಕೋಟಿನ ಹ್ಯಾಂಗರಿಗೆ 31 ದಾರ ಕಟ್ಟಿದೆ.

ದಾರ ಇಲ್ಲದ 19ನ್ನು ಏನು ಮಾಡಿದೆ ಅಂತ ಕೇಳಬಹುದು. ಹಳೇ ಬಟ್ಟೆ ಸಂಗ್ರಹಿಸುವ ಡಬ್ಬಕ್ಕೆ ಹಾಕಿದರೆ ಅದರಿಂದ ಮತ್ತೆ ಹೊಸ ಬಟ್ಟೆ ಆಗುತ್ತದೆ ಅಂತ ನಂಬಿದ್ದೆ. ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್‌ನ 2017ರ ವರದಿ ಓದಿದ ಮೇಲೆ ಆ ನಂಬಿಕೆ ಹೋಯಿತು. ಬಟ್ಟೆ ತಯಾರಿಸಲು ಬಳಸಿದ ವಸ್ತುವಿನಲ್ಲಿ ಮತ್ತೆ ಹೊಸ ಬಟ್ಟೆಯಾಗುವುದು ಶೇಕಡಾ 1ಕ್ಕಿಂತ ಕಡಿಮೆ. ಅದಕ್ಕೇ ಒಂದೊಂದಕ್ಕೂ ಹಾಕಿಕೊಳ್ಳುವವರನ್ನು ಹುಡುಕಿದೆ. ಕಲೆ, ಕಿತ್ತ ಕಾಜಾ ಎಲ್ಲ ಹತ್ತಿರದಿಂದ ಫೋಟೋ ತೆಗೆದು, ಟೇಪಿನ ಅಳತೆ ಬರೆದು ಮಾರಿದೆ. 14 ಹೋದವು. ಮೂರನ್ನು ಗೆಳೆಯರು ಒಯ್ದರು. ಉಳಿದೆರಡು ಪಿಸಿದುಹೋಗಿದ್ದವು, ಒರೆಸುವ ಬಟ್ಟೆ ಮಾಡಿಕೊಂಡೆ.

ಒಳಉಡುಪು, ಕಾಲುಚೀಲ, ಓಡಲು ಹಾಕುವ ಶೂ ಇವನ್ನು ಈಗಲೂ ಹೊಸದೇ ತರುತ್ತೇನೆ. ಹಳೇ ಶೂ ಇನ್ನೊಬ್ಬರ ಹೆಜ್ಜೆಗೆ ಒಗ್ಗಿ ಅಟ್ಟೆ ಒಂದು ಕಡೆ ಸವೆದಿರುತ್ತದೆ. ಅದನ್ನು ಹಾಕಿಕೊಂಡು ಓಡಿದರೆ ಮೊಣಕಾಲು ನೋಯಬಹುದು.