‘ಸುಮಾರು’ ಎಂಬ ಪದಕ್ಕೆ ಇಂಗ್ಲಿಷ್ ಹುಡುಕುತ್ತಾ

ಬದಿಯಡ್ಕದ ಸಮೀಪದ ಹಳ್ಳಿಯೊಂದರಲ್ಲಿ ಕುಳಿತು ಹಳೆಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತಾದ್ದರಿಂದ, ಇಲ್ಲಿನ ಮನೆಗಳ ಪೆಟ್ಟಿಗೆಗಳಲ್ಲಿರುವ ಪಾಲುಪಟ್ಟಿ, ಅಡವುಪತ್ರ, ಗೇಣಿಚೀಟುಗಳಲ್ಲಿ ಬಹಳಷ್ಟು ಕನ್ನಡದವು. ಅವುಗಳನ್ನು ಇಂದು ನೋಡಬೇಕಾದ ವಕೀಲರಿಗೆ, ಬ್ಯಾಂಕಿನವರಿಗೆ, ಕೆಲವೊಮ್ಮೆ ಗಲ್ಫಿನಲ್ಲಿರುವ ಸ್ವಂತ ಮಕ್ಕಳಿಗೂ ಆ ಲಿಪಿ ಓದಲು ಬರುವುದಿಲ್ಲ. ಕಾನೂನಿನ ಪದಗಳು ನನಗೆ ಹೆಚ್ಚು ತೊಂದರೆ ಕೊಡಲಿಲ್ಲ, ಅವಕ್ಕೆ ನಿಘಂಟು ಇದೆ. ತೊಂದರೆ ಕೊಟ್ಟವು ಸುಮಾರು, ಅಂದಾಜು, ಹೆಚ್ಚುಕಮ್ಮಿ, ಚಿಲ್ಲರೆ, ಆಚೀಚೆ ಎಂಬ ಸಣ್ಣ ಮಾತುಗಳು.

ಮೊದಲ ಪೆಟ್ಟು ಬಿದ್ದದ್ದು ಒಂದು ಪಾಲುಪಟ್ಟಿಯಲ್ಲಿ. ಮೂಲದಲ್ಲಿ ‘ಸುಮಾರು ಎರಡು ಎಕರೆ ಬಾಗಾಯ್ತು’ ಎಂದಿತ್ತು. ಕೇರಳದ ದಾಖಲೆಗಳಲ್ಲಿ ಭೂಮಿಯ ಅಳತೆ ಆರ್ ಮತ್ತು ಹೆಕ್ಟೇರುಗಳಲ್ಲಿ ಇರುವುದರಿಂದ ನಾನು ಲೆಕ್ಕ ಹಾಕಿ, ‘ಅಪ್ರಾಕ್ಸಿಮೇಟ್ಲಿ 80.94 ಆರ್ಸ್’ ಎಂದು ಬರೆದೆ. ಒಂದು ಎಕರೆಗೆ 40.47 ಆರ್, ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ಓದಿದ ವಕೀಲರು, ಇದನ್ನು ಎರಡು ದಶಮಾಂಶದವರೆಗೆ ಅಳೆದವರು ಯಾರು ಎಂದು ಕೇಳಿದರು. ಯಾರೂ ಅಳೆದಿರಲಿಲ್ಲ. ಬರೆದವರು ಕಣ್ಣಂದಾಜಿನಲ್ಲಿ ಎರಡು ಎಕರೆ ಎಂದಿದ್ದರು, ನಾನು ಅದಕ್ಕೆ ಸರ್ವೆಯವರ ಸರಪಳಿ ಕಟ್ಟಿಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಅಂಕಿಯೇ ತನ್ನ ನಿಖರತೆಯನ್ನು ಹೇಳಿಕೊಳ್ಳುತ್ತದೆ: ‘ಎಬೌಟ್’ ಎಂಬುದರ ಪಕ್ಕದಲ್ಲಿ ದುಂಡು ಸಂಖ್ಯೆ ಒಪ್ಪುತ್ತದೆ, 80.94 ಒಪ್ಪುವುದಿಲ್ಲ. ಅಂದಿನಿಂದ ಮೂಲದ ಅಳತೆಯನ್ನು ಮೂಲದ ಮಾನದಲ್ಲೇ ‘ಎಬೌಟ್ ಟೂ ಏಕರ್ಸ್’ ಎಂದು ಉಳಿಸಿ, ಪರಿವರ್ತನೆ ಬೇಕೇಬೇಕೆಂದರೆ ‘ರಫ್ಲಿ 0.8 ಹೆಕ್ಟೇರ್’ ಎಂದು ಅಡಿಟಿಪ್ಪಣಿಯಲ್ಲಿ ಕೊಡುತ್ತೇನೆ. ಬರೆದವನಿಗೆ ಗೊತ್ತಿದ್ದುದಕ್ಕಿಂತ ಹೆಚ್ಚು ಗೊತ್ತಿದ್ದಂತೆ ಅನುವಾದಕ ಬರೆಯಕೂಡದು ಎಂಬುದನ್ನು ನಾನು ಕಲಿತದ್ದು ಹೀಗೆ.

ಇದರ ತದ್ವಿರುದ್ಧ ಸಮಸ್ಯೆಯೂ ಇದೆ. ನಮ್ಮಲ್ಲಿ ‘ಸುಮಾರು’ ಎಂಬುದು ಎಷ್ಟೋ ಸಲ ಮರ್ಯಾದೆಯ ಮಾತು. ಸರ್ವೆ ನಂಬ್ರ, ಸಬ್‌ಡಿವಿಷನ್ ಎಲ್ಲವನ್ನೂ ಕೊಟ್ಟು ಕೊನೆಗೆ ‘ಸುಮಾರು 47 ಸೆಂಟ್ಸು’ ಎಂದು ಬರೆದಿರುತ್ತಾರೆ. ನಲವತ್ತೇಳು ಎಂಬುದು ಯಾರೋ ಅಳೆದೇ ಬಂದ ಸಂಖ್ಯೆ, ‘ಸುಮಾರು’ ಇರುವುದು ಮುಂದೆ ಜಗಳ ಬಂದರೆ ಇರಲಿ ಎಂದು. ಅದಕ್ಕೆ ಇಂಗ್ಲಿಷಿನ ದಸ್ತಾವೇಜುಗಳಲ್ಲಿ ಬೇರೆಯೇ ಒಂದು ಸೂತ್ರವಿದೆ: ಅಂಕಿಯ ನಂತರ ‘ಮೋರ್ ಆರ್ ಲೆಸ್’ ಎಂದು ಸೇರಿಸುವುದು. ಅಳತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡುಬಂದ ಮಾತ್ರಕ್ಕೆ ಪತ್ರ ಕೆಡುವುದಿಲ್ಲ ಎಂಬ ತಿಳುವಳಿಕೆ ಅದರ ಹಿಂದಿದೆ. ಚಕ್ಕುಬಂದಿ, ಅಂದರೆ ಜಾಗದ ನಾಲ್ಕೂ ಬದಿಯ ಗಡಿಗಳ ವಿವರ, ಸ್ಪಷ್ಟವಾಗಿದ್ದಲ್ಲಿ ವಿಸ್ತೀರ್ಣದ ಅಂಕಿಗಿಂತ ಚಕ್ಕುಬಂದಿಗೇ ಸಾಮಾನ್ಯವಾಗಿ ಹೆಚ್ಚು ಬೆಲೆ ಎಂಬುದನ್ನು ತೋಡಿನ ಬದಿಯಲ್ಲಿ ಜಾಗವಿರುವವರಿಗೆ ವಿವರಿಸಬೇಕಾಗಿಲ್ಲ. ಹಾಗಾಗಿ ‘ಸುಮಾರು ಎರಡು ಎಕರೆ’ ನನ್ನ ಕೈಯಲ್ಲಿ ‘ಎಬೌಟ್’ ಆಗುತ್ತದೆ, ‘ಸುಮಾರು 47 ಸೆಂಟ್ಸು’ ‘ಮೋರ್ ಆರ್ ಲೆಸ್’ ಆಗುತ್ತದೆ. ಆದರೆ ಇದೇ ಪದಗುಚ್ಛವನ್ನು ‘ಕೆಲಸ ಮೋರ್ ಆರ್ ಲೆಸ್ ಮುಗಿಯಿತು’ ಎಂಬಲ್ಲಿ ಬಳಸಿದರೆ ಅದು ಬರೀ ‘ಬಹುಮಟ್ಟಿಗೆ’ ಎಂಬ ಸಡಿಲ ಅರ್ಥದ್ದು.

ತಪ್ಪು ಯಾವ ಕಡೆಗೆ ವಾಲಬಹುದು ಎಂಬುದನ್ನು ಇಂಗ್ಲಿಷಿನ ಕೆಲವು ಪದಗಳು ತಾವೇ ನಿರ್ಧರಿಸುತ್ತವೆ. ‘ಎಬೌಟ್ ಫಿಫ್ಟಿ’ ಎಂದರೆ ನಲವತ್ತೆಂಟೂ ಆದೀತು, ಐವತ್ತೆರಡೂ ಆದೀತು. ‘ಆಲ್ಮೋಸ್ಟ್’, ‘ನಿಯರ್ಲಿ’ ಎಂದರೆ ಐವತ್ತು ಮುಟ್ಟಿಲ್ಲ ಎಂದೇ ಅರ್ಥ. ‘ಫಿಫ್ಟಿ ಆಡ್’ ಎಂದರೆ ಐವತ್ತು ದಾಟಿ ಅರವತ್ತಕ್ಕೆ ಮುಟ್ಟದ್ದು, ಅಂದರೆ ನಮ್ಮ ‘ಐವತ್ತು ಚಿಲ್ಲರೆ’. ಇಷ್ಟು ಹೊಂದುವ ಜೋಡಿ ಎರಡು ಭಾಷೆಗಳ ನಡುವೆ ಸಿಕ್ಕುವುದು ಅಪರೂಪ. ಒಂದು ಎಚ್ಚರ ಬೇಕು: ‘ಟ್ವೆಂಟಿ-ಆಡ್ ಪೀಪಲ್’ ಎಂಬಲ್ಲಿ ಅಡ್ಡಗೆರೆಯನ್ನು ಬಿಟ್ಟುಬಿಟ್ಟರೆ ಇಪ್ಪತ್ತು ಮಂದಿ ವಿಚಿತ್ರ ಮನುಷ್ಯರು ಎಂದು ಓದಿಕೊಳ್ಳಲು ಅವಕಾಶವಾಗುತ್ತದೆ, ಕೆಲವು ಪಾಲುಪಟ್ಟಿಗಳ ಮಟ್ಟಿಗೆ ಅದೂ ಸುಳ್ಳಲ್ಲವೆನ್ನಿ.

ಕನ್ನಡದ ಜೋಡಿ ಸಂಖ್ಯೆಗಳು ಬೇರೆ ಜಾತಿಯವು. ‘ನಾಲ್ಕೈದು’ ಎಂಬುದನ್ನು ‘ಫೋರ್ ಆರ್ ಫೈವ್’ ಎಂದು ಹೇಳಬಹುದು. ‘ಹತ್ತಿಪ್ಪತ್ತು ತೆಂಗಿನಮರ’ ಎಂಬುದನ್ನು ‘ಟೆನ್ ಆರ್ ಟ್ವೆಂಟಿ’ ಎಂದರೆ ಹತ್ತೋ ಇಪ್ಪತ್ತೋ, ಎರಡರಲ್ಲೊಂದು ಎಂಬಂತೆ ಕೇಳುತ್ತದೆ. ಅಲ್ಲಿ ‘ಟೆನ್ ಟು ಟ್ವೆಂಟಿ’ ಸರಿ. ‘ಒಂದೆರಡು’ ಎಂಬುದಕ್ಕೆ ನಾನು ‘ಎ ಕಪಲ್’ ಬಳಸುವುದನ್ನು ಬಿಟ್ಟಿದ್ದೇನೆ. ಅದನ್ನು ಸರಿಯಾಗಿ ಎರಡು ಎಂದು ಓದುವವರೂ ಇದ್ದಾರೆ, ಕೆಲವು ಎಂದು ಓದುವವರೂ ಇದ್ದಾರೆ.

ನನಗೆ ಅತ್ಯಂತ ಮುಜುಗರ ತಂದ ಪದ ‘ಪ್ರ್ಯಾಕ್ಟಿಕಲಿ’. ನಾವು ಮಾತಿನಲ್ಲಿ ಅದನ್ನು ‘ವ್ಯವಹಾರದಲ್ಲಿ, ವಾಸ್ತವದಲ್ಲಿ’ ಎಂಬ ಅರ್ಥದಲ್ಲಿ ಬಳಸುತ್ತೇವೆ. ಮನೆ ಕಟ್ಟಿದವರೊಬ್ಬರ ಪತ್ರದಲ್ಲಿ, ಕೆಲಸ ಕಾಗದದ ಮೇಲೆ ಮಾತ್ರವಲ್ಲ, ವಾಸ್ತವದಲ್ಲೂ ಪೂರ್ತಿಯಾಗಿದೆ ಎಂದಿದ್ದುದನ್ನು ನಾನು ‘ಪ್ರ್ಯಾಕ್ಟಿಕಲಿ ಕಂಪ್ಲೀಟ್’ ಎಂದು ಬರೆದೆ. ಇಂಗ್ಲಿಷ್ ಓದುಗನಿಗೆ ಅದು ‘ಹೆಚ್ಚುಕಮ್ಮಿ ಪೂರ್ತಿ’, ಅಂದರೆ ಇನ್ನೂ ಸ್ವಲ್ಪ ಬಾಕಿ ಇದೆ. ಸಾಲದ ಕೊನೆಯ ಕಂತು ಒಂದು ತಿಂಗಳು ತಡವಾದದ್ದು ಆ ಒಂದು ಪದದಿಂದ. ‘ವರ್ಚುವಲಿ’, ‘ಆಸ್ ಗುಡ್ ಆಸ್’ ಕೂಡ ಇದೇ ಗುಂಪಿನವು, ಒಂದು ಕೂದಲೆಳೆಯಷ್ಟು ಕಡಿಮೆ ಎಂದೇ ಅವುಗಳ ಇಂಗಿತ. ‘ನಾಟ್ ಎಗ್ಸ್ಯಾಕ್ಟ್ಲಿ’ ಎಂಬುದರ ಕಥೆ ಇನ್ನೊಂದು ಬಗೆಯದು. ಪದಕ್ಕೆ ಪದ ಇಟ್ಟರೆ ‘ನಿಖರವಾಗಿ ಅಲ್ಲ’, ಮಾತಿನಲ್ಲಿ ಅನೇಕ ವೇಳೆ ‘ಅಲ್ಲವೇ ಅಲ್ಲ’ ಎಂಬುದರ ಸೌಮ್ಯ ರೂಪ.

ನಮ್ಮ ಜಿಲ್ಲೆಯಲ್ಲಿ ಮೂರನೆಯ ಭಾಷೆಯೊಂದರ ತೊಡಕೂ ಇದೆ. ಮಲಯಾಳದ ನಮೂನೆಗಳಲ್ಲಿ ‘ಏಕದೇಶಂ’ ಎಂದಿದ್ದರೆ ‘ಸುಮಾರು’ ಎಂದರ್ಥ. ಕನ್ನಡದಲ್ಲಿ ‘ಏಕದೇಶ’ ಎಂದರೆ ಒಂದು ಭಾಗ. ಅಂಥ ನಮೂನೆಯ ಕನ್ನಡ ಪ್ರತಿಯೊಂದರಲ್ಲಿ ಜಾಗದ ‘ಏಕದೇಶ ವಿಸ್ತೀರ್ಣ’ ಎಂದಿದ್ದುದನ್ನು ನಾನೇ ‘ಪಾರ್ಟ್ ಆಫ್ ದಿ ಏರಿಯಾ’ ಎಂದು ಮಾಡಿ, ಮಲಯಾಳ ಬಲ್ಲ ಗೆಳೆಯನ ನಗುವಿನ ನಂತರ ತಿದ್ದಿಕೊಂಡಿದ್ದೇನೆ.

ನಿಖರತೆಯ ಇನ್ನೊಂದು ತುದಿಯಲ್ಲಿ ಕೆಲಸ ಸುಲಭ. ‘ಚಾಚೂ ತಪ್ಪದೆ’ ಎಂಬುದಕ್ಕೆ ‘ಟು ದಿ ಲೆಟರ್’ ಇದೆ. ‘ಹದಿನಾರಾಣೆ ಸರಿ’ ಎಂಬುದರ ಹಿಂದಿನ ನಾಣ್ಯ 1957ರ ಏಪ್ರಿಲ್‌ನಲ್ಲಿ ದಶಮಾಂಶ ಪದ್ಧತಿ ಬಂದು ಹಿಂದೆ ಸರಿದರೂ ಮಾತು ಉಳಿದಿದೆ, ಅದನ್ನು ‘ಎಂಟೈರ್ಲಿ ಕರೆಕ್ಟ್’ ಎಂದು ಸಪ್ಪೆಯಾಗಿಯೇ ಹೇಳುತ್ತೇನೆ. ‘ಅಕ್ಯುರೇಟ್’ ಮತ್ತು ‘ಪ್ರಿಸೈಸ್’ ಎಂಬ ಎರಡಕ್ಕೂ ನಾವು ‘ನಿಖರ’ ಎನ್ನುತ್ತೇವೆ. ಅವುಗಳ ಭೇದ ನನಗೆ ಹೊಳೆದದ್ದು ಮನೆಯ ಅಡಿಕೆ ತೂಗುವಾಗ. ನಮ್ಮ ತಕ್ಕಡಿ ಎಷ್ಟು ಸಲ ತೂಗಿದರೂ ಇನ್ನೂರು ಗ್ರಾಂ ಕಡಿಮೆಯನ್ನೇ ತೋರಿಸುತ್ತಿತ್ತು, ಒಮ್ಮೆಯೂ ನೂರಾ ತೊಂಬತ್ತು ಎಂದು ಹೊಯ್ದಾಡಲಿಲ್ಲ. ಅದು ಪ್ರಿಸೈಸ್ ಹೌದು, ಅಕ್ಯುರೇಟ್ ಅಲ್ಲ.

2024ರಲ್ಲಿ ಒಬ್ಬ ಅಜ್ಜಿಯ ಅಫಿಡವಿಟ್ ನನ್ನ ಮುಂದೆ ಬಂತು. ಜನನ ದಾಖಲೆ ಇಲ್ಲ. ಪ್ರಾಯ ಕೇಳಿದರೆ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ ತಾನು ಮೂರನೇ ಕ್ಲಾಸು ಎಂದರು. ಅಂದಿಗೆ ಎಂಟು ವರ್ಷವೆಂದು ಹಿಡಿದರೆ ಎಪ್ಪತ್ತಾರು. ಆಡುವ ಇಂಗ್ಲಿಷಿನಲ್ಲಾದರೆ ‘ಇನ್ ಹರ್ ಲೇಟ್ ಸೆವೆಂಟೀಸ್’ ಎಂದು ಹೇಳಿ ಪಾರಾಗಬಹುದಿತ್ತು, ಆದರೆ ಅಫಿಡವಿಟ್ಟಿಗೆ ಅಂಕಿ ಬೇಕು. ನಮ್ಮ ನ್ಯಾಯಾಲಯಗಳ ಇಂಗ್ಲಿಷಿನಲ್ಲಿ ‘ಏಜ್ಡ್ ಎಬೌಟ್’ ಎಂಬುದು ರೂಢಿಯ ಮಾತು, ಜನನ ಪತ್ರ ಕೈಯಲ್ಲಿರುವವರಿಗೂ ಹಾಗೆಯೇ ಬರೆಯುತ್ತಾರೆ. ಅಪರೂಪಕ್ಕೆ ಆ ‘ಎಬೌಟ್’ ತನ್ನ ನಿಜವಾದ ಅರ್ಥದಲ್ಲಿ ನಿಂತಿತು. ಓದಿ ಹೇಳಿದಾಗ ಅಜ್ಜಿ, ‘ಒಂದೆರಡು ವರ್ಷ ಆಚೀಚೆ ಇದ್ದೀತು’ ಎಂದು ಸೇರಿಸಿದರು. ‘ಗಿವ್ ಆರ್ ಟೇಕ್ ಎ ಇಯರ್ ಆರ್ ಟೂ’ ಎಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.