ಮೂಗು ಮುರಿಯುವ ಕುದುರೆಗೆ ಸಕ್ಕರೆ ಕಡಿಮೆಯ ಮೇವು ರೂಢಿಸುವುದು ಹೇಗೆ?

ಬೆಳಿಗ್ಗೆ ಹೋಗಿ ಬಕೆಟ್ ನೋಡಿದರೆ ಮೇವು ಖಾಲಿ. ಅಬ್ಬಾ, ಅಂತೂ ತಿಂದಿತು ಎಂದುಕೊಳ್ಳುವಷ್ಟರಲ್ಲಿ ತಳ ಕಾಣುತ್ತದೆ. ದುಡ್ಡು ಸುರಿದು ತಂದ ಖನಿಜದ ಪುಡಿಯಷ್ಟೂ ಬೂದು ಉಂಗುರವಾಗಿ ಅಂಚಿಗೆ ಅಂಟಿಕೊಂಡು ಕೂತಿದೆ. ಕುದುರೆಯ ಮೇಲ್ದುಟಿ ಎಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಬೆರಳಿದ್ದ ಹಾಗೆ. ಬೇಕಾದ್ದನ್ನು ಎತ್ತಿಕೊಂಡು ಬೇಡದ್ದನ್ನು ತಳ್ಳುತ್ತದೆ.

ಇಲ್ಲಿಂದ ಮುಂದೆ ಎಲ್ಲರೂ ಮಾಡುವ ತಪ್ಪು ಒಂದೇ: ‘ಹಸಿದರೆ ತಾನಾಗಿ ತಿನ್ನುತ್ತೆ ಬಿಡಿ’. ನಾಯಿಯ ವಿಷಯದಲ್ಲಿ ಈ ಮಾತು ನಡೆದೀತು, ಕುದುರೆಯ ವಿಷಯದಲ್ಲಿ ನಡೆಯುವುದಿಲ್ಲ. ತಿನ್ನಲಿ ಬಿಡಲಿ, ಅದರ ಜಠರದಲ್ಲಿ ಆಮ್ಲ ಸದಾ ಸುರಿಯುತ್ತಲೇ ಇರುತ್ತದೆ. ಹೊಟ್ಟೆ ಗಂಟೆಗಟ್ಟಲೆ ಖಾಲಿಯಿದ್ದರೆ ಹುಣ್ಣಾಗುತ್ತದೆ. ಪೋನಿ (ಗಿಡ್ಡ ತಳಿಯ ಕುದುರೆ), ಕತ್ತೆ, ಕೊಬ್ಬಿದ ಕುದುರೆಗಳಲ್ಲಂತೂ ಉಪವಾಸ ಬಿದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ಈ ಲೇಖನದಲ್ಲಿ ಉಪವಾಸ ಕೆಡವುವ ಉಪಾಯ ಒಂದೂ ಇಲ್ಲ.

ಇಷ್ಟೆಲ್ಲ ಪಾಡು ಯಾಕೆ? ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಬಿಗಿದು ಹಿಡಿದಿರುವ ತೆಳು ಪದರಗಳಿವೆ. ಕುದುರೆಯ ಇಡೀ ಭಾರ ಅವುಗಳ ಮೇಲೆ. ಸಕ್ಕರೆ, ಪಿಷ್ಟ ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಏರಿದರೆ, ಅದನ್ನು ತಾಳದ ಕುದುರೆಗಳಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಅದೇ ಲ್ಯಾಮಿನೈಟಿಸ್. ಗೊರಸು ಬಿಸಿಯಾಗಿದ್ದು, ಅದರ ಮೇಲಿನ ಗಿಣ್ಣಿನ ಹಿಂಬದಿಯ ಎರಡೂ ಪಕ್ಕದಲ್ಲಿ ನಾಡಿ ಜೋರಾಗಿ ಹೊಡೆಯುತ್ತಿದ್ದರೆ, ತಿರುಗುವಾಗ ಕುದುರೆ ಹೆಜ್ಜೆ ಇಡಲು ಹಿಂದೇಟು ಹಾಕಿದರೆ ಲೇಖನ ಪಕ್ಕಕ್ಕಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ.

1. ಮೊದಲು ಅನುಮಾನ ಪಡಿ

‘ನಮ್ಮ ಕುದುರೆ ಚಿಕ್ಕಂದಿನಿಂದಲೂ ಹಾಗೇ’ ಎನ್ನುವವರ ಕುದುರೆಯ ಬಾಯಿ ತೆರೆಸಿದರೆ ಎಷ್ಟೋ ಸಲ ಕೆನ್ನೆಗೆ ಚುಚ್ಚುವ ಹಲ್ಲಿರುತ್ತದೆ. ಜಠರದ ಹುಣ್ಣಿದ್ದರೆ ಒಣಹುಲ್ಲು ತಿಂದು ಹಿಂಡಿ ಬಿಡುತ್ತದೆ. ಕುಶಿಂಗ್ಸ್ ಕಾಯಿಲೆಗೆ (ವಯಸ್ಸಾದ ಕುದುರೆಗಳಲ್ಲಿ ಹಾರ್ಮೋನು ಏರುಪೇರಾಗುವ ರೋಗ) ಕೊಡುವ ಪರ್ಗೊಲೈಡ್ ಮಾತ್ರೆಯೇ ಹಸಿವು ಕಟ್ಟಿಸುವುದುಂಟು. ಮಾತ್ರೆ ಶುರುವಾದ ವಾರದಲ್ಲೇ ಹಠ ಶುರುವಾಗಿದ್ದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಎಂದೂ ತಟ್ಟೆ ಬಿಡದ ಕುದುರೆ ಒಮ್ಮೆಗೇ ಬಿಟ್ಟರೆ ಅದನ್ನು ಹಠ ಎಂದು ಕರೆಯಲೇಬೇಡಿ, ಹೊಟ್ಟೆಶೂಲೆಯೂ ಹೀಗೇ ಶುರುವಾಗುತ್ತದೆ.

2. ಹುಲ್ಲು ತೂಗಿ

ಮೈತೂಕದ ಶೇ. 1.5ರಷ್ಟು ಒಣಮೇವು ದಿನಕ್ಕೆ ಕನಿಷ್ಠ ಬೇಕು. 500 ಕೆ.ಜಿ. ಕುದುರೆಗೆ ತೇವಾಂಶ ಕಳೆದು 7.5 ಕೆ.ಜಿ., ಅಂದರೆ ತಕ್ಕಡಿಯಲ್ಲಿ ಸುಮಾರು ಎಂಟೂವರೆ ಕೆ.ಜಿ. ಒಣಹುಲ್ಲು. ‘ಎರಡು ತೆಕ್ಕೆ’ ಎಂಬ ಲೆಕ್ಕ ಬೇಡ. ನನ್ನ ತೆಕ್ಕೆಗೂ ನಿಮ್ಮ ತೆಕ್ಕೆಗೂ ಒಂದು ಕೆ.ಜಿ. ವ್ಯತ್ಯಾಸವಿರುತ್ತದೆ.

ಸಕ್ಕರೆ ಮತ್ತು ಪಿಷ್ಟ ಸೇರಿ ಶೇ. 10ರ ಒಳಗಿರುವ ಹುಲ್ಲು ಸಿಕ್ಕರೆ ಒಳ್ಳೆಯದು. ಅದನ್ನು ಬಣ್ಣ ನೋಡಿ ಹೇಳಲಾಗದು. ಬಿಳಿಚಿದ, ಕಡ್ಡಿಕಡ್ಡಿ ಹುಲ್ಲಲ್ಲೂ ಸಕ್ಕರೆ ತುಂಬಿರಬಹುದು. ಹಲವು ಕಟ್ಟುಗಳ ಒಳಗಿನಿಂದ ಚೂರು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದೊಂದೇ ದಾರಿ. ಹಸಿ ಹುಲ್ಲು ಮೇಯಿಸುವವರು ಬೆಳಗಿನ ಜಾವಕ್ಕೆ ಬಿಡಿ. ಬಿಸಿಲೇರಿದಂತೆ ಎಲೆಯಲ್ಲಿ ಸಕ್ಕರೆ ಕೂಡಿಕೊಳ್ಳುತ್ತಾ ಹೋಗಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತಿ ಹೆಚ್ಚಾಗಿರುತ್ತದೆ. ಆದರೆ ಹಿಮ ಬಿದ್ದ ರಾತ್ರಿಯ ಮರುದಿನ ಬೆಳಗಿನ ಹುಲ್ಲನ್ನೂ ನಂಬಬೇಡಿ. ಚಳಿಗೆ ಗಿಡ ಬೆಳೆಯುವುದಿಲ್ಲ, ಸಕ್ಕರೆ ಖರ್ಚಾಗದೆ ಹಾಗೇ ಉಳಿದಿರುತ್ತದೆ.

3. ನೆನೆಸಿ, ನೀರು ಚೆಲ್ಲಿ

ಪರೀಕ್ಷೆ ಮಾಡಿಸದ ಹುಲ್ಲಾದರೆ ತಣ್ಣೀರಲ್ಲಿ ಒಂದು ಗಂಟೆ, ಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ಪೂರ್ತಿ ಮುಳುಗಿಸಿ. ಆಮೇಲೆ ಶುದ್ಧ ನೀರಲ್ಲಿ ಜಾಲಿಸಿ ಕೊಡಿ. ಸಕ್ಕರೆಯ ಒಂದು ಪಾಲು ಆ ಕಂದು ನೀರಿಗೆ ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಎಂದುಕೊಳ್ಳಬೇಡಿ. ಇಬ್ಬರು ಆ ನೀರನ್ನು ‘ಸತ್ವ ಹೋಗಬಾರದು’ ಎಂದು ಹಿಂಡಿಗೆ ಸುರಿಯುವುದನ್ನು ನಾನೇ ಕಂಡಿದ್ದೇನೆ! ಕಷ್ಟಪಟ್ಟು ತೆಗೆದ ಸಕ್ಕರೆ ಮತ್ತೆ ಬಾಯಿಗೇ. ಬಿಸಿಲಿನ ದಿನ ಗಂಟೆಗಟ್ಟಲೆ ನೆನೆಸಿಟ್ಟರೆ ಹುಲ್ಲು ಹುಳಿ ನಾತ ಹೊಡೆಯುತ್ತದೆ, ಆಗ ಕುದುರೆ ತಿನ್ನದಿದ್ದರೆ ತಪ್ಪು ಅದರದ್ದಲ್ಲ. ಹಬೆ ಕೊಡುವ ಯಂತ್ರ ದೂಳಿಗೆ, ಬೂಷ್ಟಿಗೆ ಸೈ. ಸಕ್ಕರೆ ತೆಗೆಯಲು ಅದನ್ನು ನೆಚ್ಚಿಕೊಳ್ಳಬೇಡಿ.

ಒದ್ದೆ ಹುಲ್ಲನ್ನು ಮೂಸಿ ಬಿಡುವ ಕುದುರೆಗೆ ಮೊದಲ ದಿನ ಮೇಲೆ ಬರೀ ನೀರು ಚಿಮುಕಿಸಿ, ಎರಡು ದಿನ ಬಿಟ್ಟು ಕಾಲು ಭಾಗ ನೆನೆಸಿದ್ದು ಬೆರೆಸಿ. ಹತ್ತು ದಿನದಲ್ಲಿ ದಾರಿಗೆ ಬರುತ್ತದೆ.

4. ಬಕೆಟ್‌ಗೆ ಏನು?

ಕಾಕಂಬಿ ಬೆರೆಸದ ಬೀಟ್ ತಿರುಳು, ಅಂದರೆ ಸಕ್ಕರೆ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ನಾರು. ನೆನೆಸಿ, ತೊಳೆದು ಕೊಡಿ. ಓಟ್ಸ್, ಜೋಳ, ತೌಡು ಯಾವುದೂ ಬೇಡ.

5. ಪುಡಿ: ಎಲ್ಲರೂ ಎಡವುವುದು ಇಲ್ಲೇ

ಒಣಹುಲ್ಲಲ್ಲಿ ಕಬ್ಬಿಣ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ತಾಮ್ರ ಮತ್ತು ಸತು ಸಾಲದು. ಗೊರಸಿನ ಕೊಂಬು ಗಟ್ಟಿಯಾಗಲು ಈ ಎರಡೂ ಬೇಕು. ಕೆಲಸವಿಲ್ಲದ 500 ಕೆ.ಜಿ. ಕುದುರೆಗೆ ದಿನಕ್ಕೆ ಒಟ್ಟು 100 ಮಿ.ಗ್ರಾಂ ತಾಮ್ರ, 400 ಮಿ.ಗ್ರಾಂ ಸತು ಎಂಬುದು ಕನಿಷ್ಠ ಲೆಕ್ಕ. ಹುಲ್ಲಿನಲ್ಲಿ ಎಷ್ಟಿದೆ ಎಂದು ನೋಡಿ ಉಳಿದದ್ದನ್ನು ತುಂಬಿಸಬೇಕು. ಗೊರಸಿಗೆ ಬೇಕಾದ ಬಯೋಟಿನ್ ಎಂಬ ವಿಟಮಿನ್ ದಿನಕ್ಕೆ 15ರಿಂದ 20 ಮಿ.ಗ್ರಾಂ. ‘ಗೊರಸಿನ ಟಾನಿಕ್’ ಎಂದು ಮಾರುವ ಡಬ್ಬಿಯಲ್ಲಿ ಕಬ್ಬಿಣ ಸೇರಿಸಿದ್ದರೆ ಅಲ್ಲೇ ಬಿಟ್ಟು ಬನ್ನಿ.

ತೊಂದರೆ ಏನೆಂದರೆ ಸತು, ತಾಮ್ರ ಎರಡೂ ನಾಲಿಗೆಗೆ ಒಗರು, ಲೋಹದ ಕಹಿ. ನಂಬಿಕೆ ಬರದಿದ್ದರೆ ಬೆರಳ ತುದಿಯಲ್ಲಿ ಒಂದು ಚೂರು ನೆಕ್ಕಿ ನೋಡಿ. ಅಂಥದ್ದನ್ನು ಡಬ್ಬಿಯ ಜೊತೆ ಬಂದ ಚಮಚದಲ್ಲಿ ತುಂಬಾ ಅಳೆದು ಮೊದಲ ದಿನವೇ ಸುರಿದರೆ ಕುದುರೆ ಒಂದು ತುತ್ತು ತಿಂದು, ಮೇಲ್ದುಟಿ ಮಡಚಿ ಹಲ್ಲು ಕಿರಿದು, ಹಿಂದೆ ಸರಿಯುತ್ತದೆ. ಮರುದಿನ ಪುಡಿ ಹಾಕದ ಬಕೆಟ್ಟನ್ನೂ ಮೂಸುವುದಿಲ್ಲ. ಒಂದು ಕಂದು ಹೆಣ್ಣು ಕುದುರೆಯ ಜೊತೆ ನಾನು ಇದೇ ತಪ್ಪು ಮಾಡಿ, ಅದೇ ಹಳೆಯ ನೀಲಿ ಬಕೆಟ್ ಕಂಡರೆ ಅದು ಮುಖ ತಿರುಗಿಸುವಂತಾಗಿ, ಕೊನೆಗೆ ಬಕೆಟ್ಟನ್ನೇ ಬದಲಿಸಿದೆ.

ಸರಿಯಾದ ರೀತಿ ಇದು. ಮೊದಲ ಐದು ದಿನ ಬರೀ ಬೀಟ್ ತಿರುಳು, ಒಂದು ಹಿಡಿ. ಅದನ್ನು ನೆಕ್ಕಿ ಮುಗಿಸಿ ಬಕೆಟ್ ಉರುಳಿಸುವವರೆಗೆ ಬೇರೇನೂ ಹಾಕಬೇಡಿ. ಆಮೇಲೆ ಪರಿಮಳ. ಬ್ರಿಟನ್ನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಾಯದ ಕುದುರೆಗಳಿಗೆ ಬೇರೆ ಬೇರೆ ವಾಸನೆಯ ಮೇವು ಇಟ್ಟು ನೋಡಿದರು. ಮೊದಲ ಸ್ಥಾನ ಮೆಂತ್ಯಕ್ಕೆ, ಎರಡನೆಯದು ಬಾಳೆಹಣ್ಣಿಗೆ. ಎಲ್ಲರೂ ಆಣೆ ಮಾಡಿ ಹೇಳುವ ಕ್ಯಾರೆಟ್ ಹಿಂದೆ ಬಿತ್ತು, ಪುದೀನ ಇನ್ನೂ ಹಿಂದೆ. ಬಾಳೆಹಣ್ಣು ಸಕ್ಕರೆಯ ಮುದ್ದೆ, ಅದು ಬೇಡ. ಮೆಂತ್ಯದ ಪುಡಿ ಒಂದು ಚಿಟಿಕೆ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಪರಿಮಳವನ್ನೂ ಕಹಿಪುಡಿಯನ್ನೂ ಒಂದೇ ದಿನ ಶುರು ಮಾಡಬೇಡಿ. ಮಾಡಿದರೆ ಆ ಪರಿಮಳವೇ ಕಹಿಯ ಸುಳಿವು ಎಂದು ಕುದುರೆ ಕಲಿತುಬಿಡುತ್ತದೆ, ಮುಂದೆಂದೂ ಮೆಂತ್ಯ ನಿಮ್ಮ ಕೆಲಸಕ್ಕೆ ಬಾರದು. ನಾಲ್ಕು ದಿನ ಮೆಂತ್ಯ ಹಾಕಿದ ತಿರುಳು ಚೆನ್ನಾಗಿ ಒಗ್ಗಲಿ.

ಆಮೇಲೆ ಪುಡಿ. ಮೊದಲ ದಿನ ಎರಡು ಬೆರಳಲ್ಲಿ ಹಿಡಿಸುವಷ್ಟು, ಅಷ್ಟೇ. ‘ಇಷ್ಟರಿಂದ ಏನು ಪ್ರಯೋಜನ’ ಎನ್ನಬೇಡಿ. ಈಗ ನೀವು ಖನಿಜ ಕೊಡುತ್ತಿಲ್ಲ, ರುಚಿ ಕಲಿಸುತ್ತಿದ್ದೀರಿ. ತಿರುಳು ಒದ್ದೆಯಾಗಿರಲಿ, ನೀರಾಗಿರಬಾರದು. ಪುಡಿಯನ್ನು ಮೇಲೆ ಉದುರಿಸಿ ಬಿಡದೆ ಕೈಯಿಂದ ಕಲಸಿ, ಪ್ರತಿ ಎಸಳಿಗೂ ಹತ್ತಬೇಕು. ಆಗಷ್ಟೇ ಕುಟ್ಟಿದ ಅಗಸೆ ಒಂದು ಹಿಡಿ ಸೇರಿಸಿದರೆ ಅದರ ಲೋಳೆ ಪುಡಿಯನ್ನು ಹಿಡಿದಿಡುತ್ತದೆ, ತುಟಿಯಿಂದ ಬೇರ್ಪಡಿಸಲು ಆಗುವುದಿಲ್ಲ. ಅಗಸೆ ಇಲ್ಲದೆ ಪುಡಿ ತಿನ್ನಿಸಲು ನಾನಂತೂ ಹೊರಡುವುದೇ ಇಲ್ಲ. ಹದ ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತಿರುಳನ್ನು ಮುಷ್ಟಿಯಲ್ಲಿ ಹಿಸುಕಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು.

ಮೂರು ದಿನಕ್ಕೊಮ್ಮೆ ಚೂರು ಏರಿಸಿ. ಪೂರ್ತಿ ಅಳತೆ ಮುಟ್ಟಲು ಮೂರು ವಾರ ಹಿಡಿಯಲಿ. ಅದನ್ನೂ ಒಂದೇ ಹೊತ್ತಿಗೆ ಕೊಡದೆ ಎರಡು ಹೊತ್ತಿಗೆ ಹಂಚಿ. ತಿರುಗಾಡಿಸಿ ಕರೆತಂದ ಮೇಲೆ, ಹುಲ್ಲು ಹಾಕುವುದಕ್ಕೆ ಹತ್ತು ನಿಮಿಷ ಮುಂಚೆ ಕೊಟ್ಟರೆ ಬಾಯಿ ಚುರುಕಾಗಿರುತ್ತದೆ. ಬಿಟ್ಟರೆ ಬೈಯದೆ ಬಕೆಟ್ ತೆಗೆಯಿರಿ, ಹುಲ್ಲು ಎಂದಿನಂತೆ ಹಾಕಿ, ಮರುದಿನ ಹಿಂದೆ ತಿಂದಿದ್ದ ಅಳತೆಗೆ ಇಳಿದು ಮೂರು ದಿನ ಅಲ್ಲೇ ನಿಲ್ಲಿ. ಉಳಿದ ತಿರುಳನ್ನು ಮಧ್ಯಾಹ್ನಕ್ಕೆ ಇಡಬೇಡಿ, ಹುಳಿಯುತ್ತದೆ. ಬಕೆಟ್ ತೊಳೆಯಲು ಸುವಾಸನೆಯ ಸೋಪು ಬೇಡ.

ಎಷ್ಟು ಸಲ ಇಳಿದರೂ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಎಲ್ಲ ಬೆರೆಸಿದ ಡಬ್ಬಿ ಬಿಟ್ಟು ಒಂದೊಂದನ್ನೇ ಬಿಡಿಯಾಗಿ ಕೊಟ್ಟು ನೋಡಿ. ಕಳ್ಳ ಬಹುಪಾಲು ಮೆಗ್ನೀಸಿಯಂ ಆಕ್ಸೈಡ್ ಅಥವಾ ಉಪ್ಪು. ಉಪ್ಪು ದಿನಕ್ಕೆ 25 ಗ್ರಾಂನಷ್ಟು ಬೇಕು ನಿಜ, ಆದರೆ ಅದನ್ನು ಬೇರೆ ಬೋಗುಣಿಯಲ್ಲಿ ಇಟ್ಟರೂ ಆಗುತ್ತದೆ, ಬೇಕಾದಾಗ ನೆಕ್ಕಿಕೊಳ್ಳುತ್ತದೆ.

ಅಡ್ಡದಾರಿಗಳ ಬಗ್ಗೆ

ಕಾಕಂಬಿಯಲ್ಲಿ ಕಲಸಿ ಕೊಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹಾಳು. ‘ಸಕ್ಕರೆ ಸೇರಿಸಿಲ್ಲ’ ಎಂದು ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೆ ಹಿಂದೆ ತಿರುಗಿಸಿ ಓದಿ. ಸೇರಿಸಿಲ್ಲ ಎಂದರೆ ಇಲ್ಲ ಎಂದಲ್ಲ, ಧಾನ್ಯದ ಪಿಷ್ಟವೂ ಹೊಟ್ಟೆಗೆ ಹೋದ ಮೇಲೆ ಗ್ಲುಕೋಸೇ. ಸಕ್ಕರೆ, ಪಿಷ್ಟ ಎರಡರ ಅಂಕಿಯನ್ನೂ ಕೂಡಿಸಿ. ಪಿಷ್ಟದ ಅಂಕಿಯೇ ಇಲ್ಲದ ಚೀಲವನ್ನು ನಾನು ಕೊಳ್ಳುವುದಿಲ್ಲ. ಸಿರಿಂಜಲ್ಲಿ ಬಾಯಿಗೆ ಒತ್ತುವುದು ಒಂದು ದಿನದ ಔಷಧಿಗೆ ಸರಿ. ವರ್ಷಗಟ್ಟಲೆ ಕೊಡಬೇಕಾದ ಖನಿಜಕ್ಕೆ ಹಾಗೆ ಮಾಡಿದರೆ ಕುದುರೆ ನಿಮ್ಮ ಕೈಗೇ ಹೆದರತೊಡಗುತ್ತದೆ. ಹಾಗೆಯೇ ನೀವು ಮೂರು ವಾರ ಕಾದು ಒಗ್ಗಿಸಿದ್ದನ್ನು ನೋಡಲು ಬಂದ ನೆಂಟರ ಜೇಬಿನ ಸೇಬು ಒಂದೇ ದಿನದಲ್ಲಿ ಕೆಡಿಸುತ್ತದೆ. ಬಾಗಿಲ ಮೇಲೆ ಒಂದು ಬೋರ್ಡ್ ಹಾಕಿ.

ಗೊರಸು ತಿಂಗಳಿಗೆ ಸುಮಾರು 6ರಿಂದ 9 ಮಿ.ಮೀ. ಬೆಳೆಯುತ್ತದೆ. ಪೂರ್ತಿ ಅಳತೆ ತಿನ್ನತೊಡಗಿದ ದಿನ ನಾಲ್ಕೂ ಗೊರಸಿನ ಫೋಟೊ ತೆಗೆದಿಡಿ; ಪ್ರತಿ ತಿಂಗಳು ಅದೇ ಪಕ್ಕದಿಂದ, ಕ್ಯಾಮೆರಾ ನೆಲಕ್ಕೆ ತಾಗಿಸಿ ಮತ್ತೊಂದು. ಮೂರನೆಯ ತಿಂಗಳ ಫೋಟೊದಲ್ಲಿ ಕೂದಲಂಚಿನ ಕೆಳಗಿನ ಎರಡು ಸೆಂಟಿಮೀಟರ್ ಮಾತ್ರ ನೋಡಿ. ಅದರ ಕೆಳಗಿನ ಒಡಕು, ಬಳೆಗಳೆಲ್ಲ ಹಳೆಯ ಮೇವಿನ ಕಾಲದ್ದು. ತುದಿಗೆ ಇಳಿದು ಸವೆದು ಹೋಗಲು ಅವಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು.